ಹುಣಸೆಹಣ್ಣಿನಲ್ಲಿ ತೊಳೆದ ಕಠಾರಿ

ಆಯುಧಪೂಜೆಯ ಹಿಂದಿನ ದಿನ ನಾನು ಪಕ್ಕದ ಮನೆಯ ಆಂಟಿಯ ಕಠಾರಿಯನ್ನು ಹುಣಸೆಹಣ್ಣಿನ ಬಿಸಿನೀರಿನಲ್ಲಿ ನೆನೆಹಾಕಿ, ಉಪ್ಪು ಹಚ್ಚಿ, ಸ್ಟೀಲ್ ಸ್ಕ್ರಬ್ಬರಿನಿಂದ ತಿಕ್ಕಿ ಬೆಳ್ಳಗೆ ಮಾಡಿದೆ. ಹಾಗೆ ಮಾಡಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಮಾಡು ಎಂದೂ ಯಾರೂ ಹೇಳಿರಲಿಲ್ಲ.

ನಾವು ಮೆಲ್ಬರ್ನಿನ ಕ್ಲೈಡ್ ನಾರ್ತ್‌ಗೆ ಬಂದು ಆರು ವರ್ಷವಾಗಿದೆ. ಬೀದಿಯ ಹದಿನಾಲ್ಕು ಮನೆಗಳಲ್ಲಿ ಒಂಬತ್ತರ ಬಾಗಿಲಿಗೆ ಪ್ಲಾಸ್ಟಿಕ್ ತೋರಣವಿದೆ. ನಮ್ಮ ಬಲಗಡೆಯ ಮನೆಗೆ ಮಾತ್ರ ಇಲ್ಲ. ಅಲ್ಲಿ ಇರುವವರು ಎಂಬತ್ತು ದಾಟಿದ ಜಾವಾದ ಹೆಂಗಸು. ನಾನು ಅವರನ್ನು ಆಂಟಿ ಎನ್ನುತ್ತೇನೆ. ಹದಿಹರೆಯದಲ್ಲಿ ತಾಯಿ ಮತ್ತು ತಮ್ಮನ ಜೊತೆ ಹಡಗಿನಲ್ಲಿ ಬಂದವರು. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ ನಡೆಯುತ್ತದೆ. ಇಲ್ಲಿ ಅದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನೆನಪಿನಲ್ಲಿ ಅದು ಹಾಗೆಯೇ ಉಳಿದಿದೆ.

ಕಳೆದ ವರ್ಷ ಚಳಿಗಾಲದ ಕೊನೆಯಲ್ಲಿ, ಅಂದರೆ ಇಲ್ಲಿಯ ಆಗಸ್ಟಿನಲ್ಲಿ, ಆಂಟಿಗೆ ವೃದ್ಧಾಶ್ರಮದಲ್ಲಿ ಒಂದು ಕೋಣೆ ಸಿಕ್ಕಿತು. ಆಶ್ರಮ ಎಂಬುದು ನಮ್ಮ ಮಾತು. ಅವರು ಅದನ್ನು ಸುಮ್ಮನೆ 'ಹೋಮ್' ಎನ್ನುತ್ತಾರೆ. ಕೋಣೆಗೆ ಒಂದೇ ಕಪಾಟು. ಏನೇನು ತರಬಹುದು, ಏನೇನು ತರಬಾರದು ಎಂದು ಅಲ್ಲಿಯವರು ಪಟ್ಟಿ ಕಳಿಸಿದ್ದರು. ತರಬಾರದವುಗಳಲ್ಲಿ ಮೂರನೆಯದು ಹರಿತವಾದ ವಸ್ತುಗಳು.

ಆ ಪಟ್ಟಿ ಬಂದ ಮಧ್ಯಾಹ್ನ ಆಂಟಿ ಉದ್ದನೆಯ ಬಟ್ಟೆಯ ಗಂಟೊಂದನ್ನು ಹಿಡಿದು ನಮ್ಮ ಮನೆಗೆ ಬಂದರು. ಬಿಚ್ಚಿದರೆ ಒಳಗೆ ಮರದ ಒರೆ, ಅದರ ಬಾಯಿ ಪುಟ್ಟ ದೋಣಿಯ ಹಾಗೆ ಅಗಲ. ಒರೆಯಿಂದ ಎಳೆದಾಗ ಹೊರಗೆ ಬಂದದ್ದು ಹಾವಿನಂತೆ ಬಳುಕುವ ಕರಿಯ ಅಲಗು. ಅವರ ಕಡೆ ಅದಕ್ಕೆ ಕೆರಿಸ್ ಎಂದು ಹೆಸರು.

"ಇದು ಹಳೆಯದೋ ಹೊಸದೋ, ನೋಡಿ ಹೇಳು" ಎಂದರು.

"ನಾನಾ ಆಂಟಿ?"

"ನೀನು ಎಲ್ಲವನ್ನೂ ನೋಡುತ್ತೀಯ. ಮೊನ್ನೆ ನನ್ನ ಬೆಕ್ಕಿಗೆ ಒಂದು ಮೀಸೆ ಕಮ್ಮಿಯಾಗಿದೆ ಅಂದವಳು ನೀನೇ ಅಲ್ಲವೇ?"

ಬೆಕ್ಕಿನ ಮೀಸೆ ಕಮ್ಮಿಯಾಗಿದ್ದುದು ನಿಜ. ನಾನು ಚಹಾ ಇಟ್ಟೆ.

ವಿಷಯ ಇಷ್ಟು. ಕೆರಿಸ್ ಆಂಟಿಯ ಅಪ್ಪನದು, ಅಪ್ಪನಿಗೆ ಅವರಪ್ಪನಿಂದ ಬಂದದ್ದು. ಅಪ್ಪ ಜಾವಾದಲ್ಲೇ ತೀರಿಕೊಂಡರು. ಆಂಟಿಯ ತಾಯಿ ಅದನ್ನು ಸೀರೆಗಳ ನಡುವೆ ಇಟ್ಟು, ಅಂದರೆ ಅವರ ಸೀರೆಗಳಂಥ ಬಟ್ಟೆಗಳ ನಡುವೆ ಇಟ್ಟು, ಆಸ್ಟ್ರೇಲಿಯಾಕ್ಕೆ ತಂದರು. ಹದಿನೈದು ವರ್ಷದ ಹಿಂದೆ ಆ ತಾಯಿ ಸಾಯುವ ಮೊದಲು, "ಇದು ನಿನ್ನಪ್ಪನ ಕೆರಿಸ್, ನೀನು ಇಟ್ಟುಕೋ" ಎಂದು ಮಗಳ ಕೈಗೆ ಕೊಟ್ಟರು. ಅದು ಅವರು ಆಡಿದ ಕೊನೆಯ ಪೂರ್ತಿ ವಾಕ್ಯ. ಸಿಡ್ನಿಯಿಂದ ಬಂದಿದ್ದ ತಮ್ಮ ಅಂತ್ಯಕ್ರಿಯೆ ಮುಗಿದ ಮೇಲೆ ಅದನ್ನು ಒರೆಯಿಂದ ಎಳೆದು, ಅರ್ಧ ನಿಮಿಷ ನೋಡಿ, ವಾಪಸ್ ಒರೆಗೆ ತಳ್ಳಿ, "ಇದು ಅಪ್ಪನದಲ್ಲ. ಅಮ್ಮ ಅದನ್ನು ಎಲ್ಲೋ ಕಳೆದು, ಸಂತೆಯಿಂದ ಇನ್ನೊಂದು ತಂದು ಇಟ್ಟಿದ್ದಾಳೆ" ಎಂದರು. ಹೇಗೆ ಗೊತ್ತು ಎಂದು ಕೇಳಿದರೆ ಹೇಳಲಿಲ್ಲ. ಅಂದಿನಿಂದ ಅಕ್ಕ ತಮ್ಮನ ನಡುವೆ ಕ್ರಿಸ್‌ಮಸ್ ಕಾರ್ಡು ಬಿಟ್ಟು ಬೇರೇನೂ ಇಲ್ಲ. ಕಾರ್ಡಿನಲ್ಲೂ ಅಚ್ಚಾದ ಅಕ್ಷರದ ಕೆಳಗೆ ಹೆಸರು ಮಾತ್ರ.

"ಕೆರಿಸ್ ಬಿಟ್ಟು ಹೋಗಲೇಬೇಕು, ಅದಕ್ಕೇನೂ ಇಲ್ಲ" ಎಂದರು ಆಂಟಿ. "ಆದರೆ ಅಮ್ಮ ಸಾಯುವಾಗ ನನಗೆ ಸುಳ್ಳು ಹೇಳಿದಳೋ ಇಲ್ಲವೋ, ಅದು ಗೊತ್ತಾಗದೆ ಆ ಕೋಣೆಗೆ ಹೋಗುವುದಿಲ್ಲ."

ನಾನು ಕಾನ್ವೆಂಟಿನಲ್ಲಿ ಓದಿದವಳು. ಕೆಲಸ ಕೊಟ್ಟರೆ ಮೊದಲು ಮಾರ್ಜಿನ್ ಗೆರೆ ಹಾಕುತ್ತೇನೆ. ಒಂದು ನೋಟ್‌ಬುಕ್ ತೆಗೆದು ಅಲಗಿನ ಎರಡೂ ಮಗ್ಗುಲಿನ ಫೋಟೋ ತೆಗೆದು ಅಂಟಿಸಿದೆ. ಲೈಬ್ರರಿಯಿಂದ ಪುಸ್ತಕವೊಂದು ತಂದೆ. ಅದರಲ್ಲಿ ಹೇಳಿದ ಪ್ರಕಾರ ಒಂದೊಂದನ್ನೇ ನೋಡಿ ಬರೆದೆ. ಬುಡದಲ್ಲಿ ಬೇರೆ ಕಬ್ಬಿಣದ ತುಂಡು ಕೂಡಿಸಿರಬೇಕು: ಕೂಡಿಸಿದ ಗೆರೆ ಇದೆ, ಕೂದಲೆಳೆಯಷ್ಟು. ಬುಡದ ಒಂದು ಬದಿಗೆ ಆನೆಯ ಸೊಂಡಿಲಿನಂಥ ಪುಟ್ಟ ಸುರುಳಿ ಇರಬೇಕು: ಇದೆ. ಬಳುಕುಗಳ ಸಂಖ್ಯೆ ಯಾವಾಗಲೂ ಬೆಸವಾಗಿರಬೇಕು: ನಾನು ಎಣಿಸಿದಾಗ ಹತ್ತು. ನಮ್ಮ ಮನೆಯವರು ಎಣಿಸಿದಾಗ ಎಂಟು.

"ಇಬ್ಬರ ನಡುವ ಒಂಬತ್ತು ಅಂತ ಬರಕೋ" ಎಂದರು ನಮ್ಮವರು. ಅವರು ಹುಬ್ಬಳ್ಳಿಯವರು, ಈ ದೇಶಕ್ಕೆ ಬಂದು ಹನ್ನೊಂದು ವರ್ಷವಾದರೂ ಬದಲಾಗಿರುವುದು ಅವರ ಡ್ರೈವಿಂಗ್ ಲೈಸೆನ್ಸ್ ಮಾತ್ರ.

ಕೊನೆಗೆ ಲಾಡು ತೂಗುವ ತಕ್ಕಡಿಯಲ್ಲಿಟ್ಟು ತೂಗಿದೆ. ನನ್ನ ಈಳಿಗೆಯ ಅರ್ಧವೂ ಇರಲಿಲ್ಲ. ಬೀಗರು ಕೊಟ್ಟ ಪಾತ್ರೆಯನ್ನು ಕೈಯಲ್ಲಿ ಎತ್ತಿ ನೋಡಿ ಅವರ ಮನೆತನ ಹೇಳುವ ಊರಿನಿಂದ ಬಂದವಳು ನಾನು. ಭಾರ ಇದ್ದರೆ ಹಳೆಯದು, ಗಟ್ಟಿ. ಹಗುರ ಇದ್ದರೆ ಈಗಿನದು. ಇದರಲ್ಲಿ ಎರಡನೆಯ ಯೋಚನೆಯೇ ಇರಲಿಲ್ಲ.

"ಸ್ವಲ್ಪ ಹಗುರ ಇದೆ ಆಂಟಿ" ಎಂದೆ, ಆದಷ್ಟು ಮೆತ್ತಗೆ.

"ಹಗುರ ಅಂದರೆ?"

"ಹೊಸದಿರಬಹುದು ಅಂತ."

ಆಂಟಿ ಮೇಜಿನ ಮೇಲೆ ಬಿದ್ದಿದ್ದ ಚಕ್ಕುಲಿಯ ಚೂರನ್ನು ಬೆರಳಿನಿಂದ ಒತ್ತಿ ಎತ್ತಿ ತಟ್ಟೆಗೆ ಹಾಕಿದರು. ಇನ್ನೊಂದು ಚೂರಿತ್ತು, ಅದನ್ನೂ ಹಾಕಿದರು. "ಇನ್ನೂ ಸ್ವಲ್ಪ ದಿನ ನಿನ್ನ ಹತ್ತಿರವೇ ಇರಲಿ. ಸರಿಯಾಗಿ ನೋಡು" ಎಂದು ಎದ್ದು ಹೋದರು.

ಸರಿಯಾಗಿ ನೋಡುವುದಕ್ಕೆ ಅಲಗಿನ ಮೇಲಿನ ಕಪ್ಪು ಅಡ್ಡ ಬರುತ್ತಿತ್ತು. ಅದರ ಕೆಳಗೆ ಏನೋ ನಕ್ಷೆ ಇದ್ದ ಹಾಗಿತ್ತು, ಆದರೆ ಎಷ್ಟೋ ವರ್ಷದ ಎಣ್ಣೆ ಜಿಡ್ಡುಗಟ್ಟಿ ಏನೂ ಕಾಣುತ್ತಿರಲಿಲ್ಲ. ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಪೂಜೆಗೆ ಇಡುವ ಯಾವ ಲೋಹವೂ ತೊಳೆಯದೆ ಒಳಗೆ ಬರುವುದಿಲ್ಲ. ಈಳಿಗೆ, ಚಾಕು, ಕತ್ತರಿ, ನಮ್ಮವರ ಡ್ರಿಲ್ ಬಿಟ್‌ಗಳು, ಎಲ್ಲವೂ ಸಾಲಾಗಿ ಸಿಂಕಿನ ಪಕ್ಕ ಕೂತಿದ್ದವು. ಮನೆಯಲ್ಲಿ ಒಂದು ನಿಜವಾದ ಆಯುಧ ಇರುವಾಗ ಅದನ್ನು ಮಾತ್ರ ಕಪಾಟಿನಲ್ಲಿ ಬಿಟ್ಟು ಸ್ಕ್ರೂಡ್ರೈವರಿಗೆ ಕುಂಕುಮ ಹಚ್ಚುವುದು ನನಗೆ ಸರಿ ಕಾಣಲಿಲ್ಲ. ಅತ್ತೆ ಕೊಟ್ಟ ಹಿತ್ತಾಳೆ ಪಾತೇಲಿಯಲ್ಲಿ ನೀರು ಮರಳಿಸಿ, ಹುಣಸೆಹಣ್ಣು ಕಿವುಚಿ, ಅಲಗನ್ನು ಮುಳುಗಿಸಿ, ಬಾಗಿಲ ಮುಂದೆ ರಂಗೋಲಿ ಹಾಕಲು ಹೋದೆ.

ವಾಪಸ್ ಬಂದಾಗ ನೀರು ಕರ್ರಗಾಗಿತ್ತು. ನನಗೆ ಬಹಳ ತೃಪ್ತಿಯಾಯಿತು. ನೀರಿನ ಮೇಲೆ ಕಪ್ಪಗೆ, ಗೇರುಬೀಜದಷ್ಟು ದೊಡ್ಡದಾದ ಒಂದು ಮುದ್ದೆ ತೇಲುತ್ತಿತ್ತು. ಜಿಡ್ಡು ಎಂದುಕೊಂಡು ಚಮಚದಿಂದ ತೆಗೆದು ಸಿಂಕಿನ ಅಂಚಿಗೆ ಹಾಕಿದೆ. ಅಡುಗೆಮನೆಯಲ್ಲಿ ಹುಣಸೆಹಣ್ಣಿನ ವಾಸನೆಯ ಜೊತೆಗೆ ಇನ್ನೊಂದು ವಾಸನೆ ಇತ್ತು. ನಮ್ಮ ಕಾನ್ವೆಂಟಿನ ಚಾಪೆಲ್‌ನಲ್ಲಿ ಪ್ರಾರ್ಥನೆ ಮುಗಿದು ಮೇಣದಬತ್ತಿ ಆರಿಸಿದ ಮೇಲೆ ಬರುತ್ತಿದ್ದಂಥದ್ದು. ಹಬ್ಬದ ಹಿಂದಿನ ದಿನ ಚಾಪೆಲ್ ಏಕೆ ನೆನಪಾಗುತ್ತಿದೆ ಎಂದುಕೊಳ್ಳುತ್ತಲೇ ತಿಕ್ಕಿದೆ.

ತಿಕ್ಕಿ, ಒರೆಸಿ, ನೋಟ್‌ಬುಕ್ಕಿನ ಫೋಟೋ ಪಕ್ಕ ಇಟ್ಟು ನೋಡಿದೆ. ಬೆಳ್ಳಗೆ ಹೊಸ ಸೌಟಿನ ಹಾಗೆ ಹೊಳೆಯುತ್ತಿತ್ತು. ಫೋಟೋದಲ್ಲಿ ಬುಡಕ್ಕೆ ಸೊಂಡಿಲಿತ್ತು. ಕೈಯಲ್ಲಿದ್ದುದಕ್ಕೆ ಇರಲಿಲ್ಲ. ಇದ್ದ ಜಾಗದಲ್ಲಿ ಮೊಂಡಾದ ಒಂದು ಮೊಳಕೆ.

ನಾನು ನೋಟ್‌ಬುಕ್ ಮುಚ್ಚಿದೆ. ಸಿಂಕಿನ ಜಾಲರಿ ತೆಗೆದು ನೋಡಿದೆ. ಪೈಪಿನ ಬಾಗು ಬಿಚ್ಚಿ ನೋಡಿದೆ. ಕರಿಬೇವು, ಒಂದು ಸಾಸಿವೆ ಕಾಳು, ಕಳೆದುಹೋಗಿದ್ದ ನನ್ನ ಮೂಗುತಿಯ ತಿರುಪು. ಕಬ್ಬಿಣದ ಸೊಂಡಿಲು ಎಲ್ಲೂ ಇಲ್ಲ. ಸಿಂಕಿನ ಅಂಚಿನಲ್ಲಿದ್ದ ಕರಿಯ ಮುದ್ದೆ ಅಷ್ಟರಲ್ಲಿ ಗಟ್ಟಿಯಾಗಿತ್ತು. ಏನೂ ಸಿಗದವಳು ಅದನ್ನೇ ಎತ್ತಿ ಖಾಲಿ ಕುಂಕುಮದ ಭರಣಿಯಲ್ಲಿ ಹಾಕಿ ಮುಚ್ಚಳ ಹಾಕಿದೆ. ಏಕೆ ಎಂದು ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಸಂಜೆ ನಮ್ಮವರು ಆಫೀಸಿನಿಂದ ಬಂದು ನೋಡಿ ಬೂಟು ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿದರು.

"ಇದನ್ಯಾಕ ತಿಕ್ಕಿದಿ?"

"ಹೊಲಸಾಗಿತ್ರೀ."

"ಹೊಲಸಲ್ಲ ಅದು. ತಡಿ." ಫೋನಿನಲ್ಲಿ ಹುಡುಕಿ ಓದಿದರು. "ಅವರ ಕಡೆ ಬೇಕಂತನ ಕಪ್ಪು ಹಚ್ತಾರಂತ. ಆರ್ಸೆನಿಕ್."

"ಅಂದ್ರ?"

"ಪಾಷಾಣ. ಯಾವುದರಾಗ ನೆನಸಿದ್ದಿ?"

"ನಿಮ್ಮವ್ವ ಕೊಟ್ಟ ಹಿತ್ತಾಳಿ ಪಾತೇಲಿಯೊಳಗ."

ನಮ್ಮವರು ಎರಡನೆಯ ಬೂಟನ್ನೂ ಬಿಚ್ಚಿ ಸ್ಟ್ಯಾಂಡಿನಲ್ಲಿಟ್ಟರು. "ಇನ್ನ ಅದರಾಗ ಚಹಾ ಮಾಡಬ್ಯಾಡ" ಎಂದರು.

ಈಗ ಅದರಲ್ಲಿ ಅಲೋವೆರಾ ಇದೆ. ಚೆನ್ನಾಗಿ ಬಂದಿದೆ.

ಮರುದಿನ ಪೂಜೆಗೆ ಆಂಟಿಯನ್ನು ಮೊದಲೇ ಕರೆದಿದ್ದೆ. ಬೇಡ ಎನ್ನುವ ಹಾಗಿರಲಿಲ್ಲ. ಅವರು ಇಸ್ತ್ರಿ ಮಾಡಿದ ಹೂವಿನ ಬ್ಲೌಸ್ ಹಾಕಿಕೊಂಡು ಬಂದು ಮಣೆಯ ಮುಂದೆ ನಿಂತರು. ಈಳಿಗೆ ಮತ್ತು ಡ್ರಿಲ್ ನಡುವೆ ಅವರ ಅಪ್ಪನ ಕೆರಿಸ್, ಬೆಳ್ಳಗೆ, ಅರಿಸಿನ ಕುಂಕುಮ ಅಕ್ಷತೆ ಹಾಕಿಸಿಕೊಂಡು ಮಲಗಿತ್ತು. ಮೊಳಕೆಯಿದ್ದ ಬದಿಯ ಮೇಲೆ ನಾನು ಒಂದು ಸೇವಂತಿಗೆ ಇಟ್ಟಿದ್ದೆ.

"ತುಂಬಾ ಕ್ಲೀನ್ ಆಗಿದೆ" ಎಂದರು ಆಂಟಿ.

"ಸಾರಿ ಆಂಟಿ. ನನಗೆ ಗೊತ್ತಿರಲಿಲ್ಲ. ಕಪ್ಪು ಹೋಗಿಬಿಟ್ಟಿತು."

"ಹೋಗಿದೆ." ಅವರು ಕೂತು ಕೇಸರಿಬಾತ್ ತಿಂದರು. ದ್ರಾಕ್ಷಿಯನ್ನು ಬದಿಗಿಟ್ಟು ಕೊನೆಗೆ ಒಟ್ಟಿಗೆ ತಿನ್ನುವುದು ಅವರ ರೂಢಿ. ಅದನ್ನೂ ತಿಂದ ಮೇಲೆ ಹೇಳಿದರು: "ಕಪ್ಪು ನೋಡಿಯೇ ಅಲ್ಲವೇ ವಯಸ್ಸು ಹೇಳುವುದು? ಇನ್ನು ಯಾರೂ ಹೇಳಲಾರರು. ನಿನ್ನ ತಪ್ಪಲ್ಲ ಬಿಡು. ನಾನೇ ಕೊಟ್ಟದ್ದು."

ಸೊಂಡಿಲಿನ ವಿಷಯ ನಾನು ಹೇಳಲಿಲ್ಲ. ಕಪ್ಪು ಹೋದದ್ದು ಎಲ್ಲರಿಗೂ ಕಾಣುತ್ತಿತ್ತು, ಅದನ್ನು ಒಪ್ಪಿಕೊಂಡೆ. ಕಾಣದ್ದನ್ನು ಒಪ್ಪಿಕೊಳ್ಳಲಿಲ್ಲ. ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಶುಕ್ರವಾರ ಸಾಲಾಗಿ ಹೋಗಿ ಫಾದರ್ ಹತ್ತಿರ ಪಾಪ ಹೇಳಿ ಬರುತ್ತಿದ್ದರು. ನಾವು ಹಿಂದೂ ಹುಡುಗಿಯರಿಗೆ ಆ ಸೌಲಭ್ಯ ಇರಲಿಲ್ಲ. ನಮ್ಮದು ನಮ್ಮ ಹತ್ತಿರವೇ ಇರುತ್ತಿತ್ತು.

ಇದೂ ಎರಡು ವಾರ ನನ್ನ ಹತ್ತಿರವೇ ಇತ್ತು. ಮೂರನೆಯ ವಾರ ನಾನೇ ಆಂಟಿಯ ಮನೆಗೆ ಹೋಗಿ, "ನಿಮ್ಮ ತಮ್ಮನಿಗೇ ತೋರಿಸೋಣ" ಎಂದೆ.

"ಅವನು ನೋಡಾಗಿದೆ."

"ಅರ್ಧ ನಿಮಿಷ ನೋಡಿದ್ದಾರೆ. ಹೇಗೆ ಗೊತ್ತಾಯಿತು ಅಂತ ಹೇಳಿಲ್ಲ. ಈಗ ಕೂರಿಸಿ ಕೇಳೋಣ."

ಆಂಟಿ ಬೆಕ್ಕಿನ ಕಡೆ ನೋಡಿದರು. "ಅವನು ಬಾಗಿಲು ತೆಗೆಯದಿದ್ದರೆ?"

"ನಾನು ಚಕ್ಕುಲಿ ತಂದಿದ್ದೇನೆ ಅಂತ ಹೇಳುತ್ತೇನೆ."

ಆಂಟಿಯ ಹತ್ತಿರ ಕೆರಿಸ್ ಇಟ್ಟುಕೊಳ್ಳಲು ಅನುಮತಿಯ ಕಾಗದ ಇತ್ತು. ನಮ್ಮವರು ಅದನ್ನು ಎರಡು ಸಲ ಓದಿ, ಸಿಡ್ನಿಗೆ ಒಯ್ಯಲು ಇನ್ನೇನು ಬೇಕೆಂದು ಫೋನ್ ಮಾಡಿ ವಿಚಾರಿಸಿ, ಅವರು ಹೇಳಿದ್ದನ್ನೆಲ್ಲ ಮಾಡಿಸಿ, ಪೆಟ್ಟಿಗೆಗೆ ಬೀಗ ಹಾಕಿ ಡಿಕ್ಕಿಯಲ್ಲಿಟ್ಟರು. ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಒಂದು ಶನಿವಾರ ಬೆಳಗಿನ ಐದಕ್ಕೆ ಹೊರಟೆವು. ಒಂಬತ್ತು ಗಂಟೆಯ ದಾರಿ. ಆಂಟಿ ಮುಂದೆ ಕೂತು ಹೈವೇಯ ಪ್ರತಿಯೊಂದು ಬೋರ್ಡನ್ನೂ ಗಟ್ಟಿಯಾಗಿ ಓದಿದರು. ನಾನು ಹಿಂದೆ ಕೂತು ಕೈಚೀಲದಲ್ಲಿದ್ದ ಭರಣಿಯನ್ನು ಆಗಾಗ ಮುಟ್ಟಿ ನೋಡಿದೆ.

ತಮ್ಮ ಇರುವುದು ಸಿಡ್ನಿಯ ಲಿವರ್‌ಪೂಲ್‌ನಲ್ಲಿ, ಆಸ್ಪತ್ರೆಯ ಹಿಂದಿನ ಬೀದಿಯ ಮಹಡಿ ಮನೆಯಲ್ಲಿ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಬಾಗಿಲು ತೆಗೆದವರು ಅಕ್ಕನನ್ನು ನೋಡಿ, ನಮ್ಮನ್ನು ನೋಡಿ, ಅಕ್ಕನ ಕಾಲಿನ ಕಡೆ ನೋಡಿದರು.

"ಕಾಲು ಊದಿದೆ" ಎಂದರು.

"ಒಂಬತ್ತು ಗಂಟೆ ಕೂತರೆ ನಿನ್ನದೂ ಊದುತ್ತದೆ" ಎಂದರು ಆಂಟಿ.

ಹದಿನೈದು ವರ್ಷದ ಮೇಲೆ ಆಡಿದ ಮೊದಲ ಮಾತು ಇದು. ನಮ್ಮವರು ನನ್ನನ್ನು ನೋಡಿದರು. ನಾನು ಚಕ್ಕುಲಿಯ ಡಬ್ಬಿ ಮುಂದೆ ಮಾಡಿದೆ.

ಒಳಗೆ ಎಲ್ಲ ನೆಟ್ಟಗೆ ಇತ್ತು. ಸ್ಪ್ಯಾನರುಗಳು ಗೋಡೆಯ ಮೇಲೆ ಅಳತೆಯ ಕ್ರಮದಲ್ಲಿ, ಚಮಚಗಳು ಡ್ರಾಯರಿನಲ್ಲಿ ಅದೇ ಕ್ರಮದಲ್ಲಿ. ಅವರು ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಕನ್ನಡಕ ಬದಲಿಸಿ, ಕೆರಿಸ್ ಎಳೆದರು. ಬೆಳ್ಳಗಿನ ಅಲಗು ನೋಡಿ ಹುಬ್ಬು ಏರಿತು.

"ಯಾರು ತೊಳೆದದ್ದು?"

"ನಾನು ಅಂಕಲ್."

"ಯಾವುದರಲ್ಲಿ?"

"ಹುಣಸೆಹಣ್ಣು."

"ನಾವು ನಿಂಬೆಹಣ್ಣು ಹಾಕುತ್ತೇವೆ." ಬೆಳಕಿಗೆ ಓರೆಯಾಗಿ ಹಿಡಿದರು. "ಚೆನ್ನಾಗಿ ತೊಳೆದಿದ್ದೀಯ. ಕಪ್ಪು ಹಚ್ಚುವ ಮೊದಲು ಹೀಗೆಯೇ ಬೆಳ್ಳಗೆ ಮಾಡಬೇಕು. ಅಪ್ಪ ವರ್ಷಕ್ಕೊಮ್ಮೆ ಮಾಡುತ್ತಿದ್ದರು. ಸ್ಟೀಲ್ ಸ್ಕ್ರಬ್ಬರ್ ಬೇಡವಾಗಿತ್ತು."

ನಮ್ಮವರ ಮುಖದಲ್ಲಿ ಪಾತೇಲಿಯ ನೆನಪು ಹಾದುಹೋಯಿತು.

ಅವರು ಹೆಬ್ಬೆರಳಿನಿಂದ ಅಲಗಿನ ಒಳಬಾಗನ್ನು ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ಒತ್ತುತ್ತಾ ತುದಿಯವರೆಗೆ ಹೋದರು. "ಒಂಬತ್ತು." ನಮ್ಮವರು ಕೆಮ್ಮಿದರು. ಆಮೇಲೆ ಅಲಗನ್ನು ಅಂಗೈ ಮೇಲಿಟ್ಟು ತೂಗಿ ನೋಡಿದರು. "ಹಗುರ" ಎಂದರು. ಧ್ವನಿ ಬದಲಾಗಿತ್ತು.

ಆಂಟಿ ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡರು. "ಇವಳೂ ಅದನ್ನೇ ಹೇಳಿದಳು. ಹಗುರ, ಹೊಸದು ಅಂತ."

"ಹೊಸದು ಭಾರ ಇರುತ್ತದೆ. ತೊಳೆದ ಪ್ರತಿ ಸಲವೂ ಕಬ್ಬಿಣ ಒಂದು ಕೂದಲಷ್ಟು ಹೋಗುತ್ತದೆ. ಇಷ್ಟು ಸವೆಯಬೇಕಾದರೆ ನೂರು ಸಲವಾದರೂ ತೊಳೆದಿರಬೇಕು. ಜಾಸ್ತಿಯೇ ಇರಬಹುದು." ಅಡುಗೆಮನೆಗೆ ಹೋಗಿ ಅರ್ಧ ನಿಂಬೆಹಣ್ಣು ತಂದು ಒಂದು ಮಗ್ಗುಲಿಗೆ ಉಜ್ಜಿ ಒರೆಸಿದರು. ಬೂದು ಬಣ್ಣದ ಕಬ್ಬಿಣದಲ್ಲಿ ಬೆಳ್ಳಿಯ ಬಣ್ಣದ ಸಣ್ಣ ಸಣ್ಣ ಕಣಗಳು ಎದ್ದು ಕಂಡವು.

"ಅಕ್ಷತೆ ಚೆಲ್ಲಿದ ಹಾಗಿದೆ" ಎಂದೆ.

"ಚೆಲ್ಲಿದ ಅಕ್ಕಿ. ನಮ್ಮಲ್ಲೂ ಅದೇ ಹೆಸರು." ಅವರು ಮಾತ್ರ ಅದನ್ನು ನೋಡುತ್ತಿರಲಿಲ್ಲ, ಕಣ್ಣು ಅಲಗಿನ ಬುಡದ ಮೇಲಿತ್ತು. "ಅಪ್ಪನದರಲ್ಲೂ ಇದೇ ಇತ್ತು. ಆದರೆ ಇದು ಅಪ್ಪನದಾಗಿರಲಿಕ್ಕೆ ಸಾಧ್ಯವಿಲ್ಲ."

"ಯಾಕೆ?" ಎಂದರು ಆಂಟಿ.

ಅವರು ಟವೆಲ್ಲಿನ ಅಂಚನ್ನು ಎಳೆದು ನೆಟ್ಟಗೆ ಮಾಡಿದರು.

"ಹದಿನೈದು ವರ್ಷದ ಹಿಂದೆಯೂ ಕೇಳಿದೆ. ಯಾಕೆ?"

ಅವರು ನಿಂಬೆಹಣ್ಣನ್ನು ತಟ್ಟೆಯಲ್ಲಿ ಬೋರಲು ಹಾಕಿದರು. ಇನ್ನೊಂದು ನಿಮಿಷ ಬಿಟ್ಟರೆ ಅವರು ಕೆರಿಸನ್ನು ಮತ್ತೆ ಒರೆಗೆ ತಳ್ಳುತ್ತಾರೆ, ನಾವು ಒಂಬತ್ತು ಗಂಟೆ ವಾಪಸ್ ಹೋಗುತ್ತೇವೆ, ಆಂಟಿ ಒಂದೊಂದೇ ಬೋರ್ಡು ಓದುತ್ತಾರೆ ಎಂದು ನನಗೆ ಅನಿಸಿತು. ಅವರು ಏನು ನೋಡಿ ಹೇಳುತ್ತಾರೋ ಅದನ್ನು ಪೂರ್ತಿ ನೋಡಿಯೇ ಹೇಳಲಿ, ನಾನು ಹಾಳು ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯದೆ ಹೇಳುವುದು ಬೇಡ. ಚೀಲದಿಂದ ಭರಣಿ ತೆಗೆದು ಟವೆಲ್ ಮೇಲಿಟ್ಟೆ.

"ಅಂಕಲ್, ಒಂದು ಮಾತು. ಇದಕ್ಕೆ ಸೊಂಡಿಲಿತ್ತು. ನಾನು ತೊಳೆಯುವಾಗ ಮುರಿದೆ. ಆಂಟಿಗೂ ಹೇಳಿಲ್ಲ. ತುಂಡು ಸಿಗಲಿಲ್ಲ. ಇದು ಮಾತ್ರ ನೀರಿನಲ್ಲಿ ತೇಲುತ್ತಿತ್ತು."

ಆಂಟಿ ನನ್ನ ಕಡೆ ತಿರುಗಿದರು. ನಮ್ಮವರೂ ತಿರುಗಿದರು, ಅವರಿಗೂ ನಾನು ಹೇಳಿರಲಿಲ್ಲ. ನೋಟ್‌ಬುಕ್ ತೆರೆದು ಫೋಟೋ ತೋರಿಸಿದೆ.

ಅಂಕಲ್ ಅಲಗಿನ ಬುಡವನ್ನು ಕಣ್ಣಿನ ಹತ್ತಿರ ತಂದು ಮೊಳಕೆಯ ಮೇಲೆ ಉಗುರು ಆಡಿಸಿದರು. ಬಹಳ ಹೊತ್ತು ಆಡಿಸಿದರು. ಆಮೇಲೆ ಭರಣಿಯ ಮುಚ್ಚಳ ತೆಗೆದು ಮುದ್ದೆಯನ್ನು ಬಿಸಿ ಚಹಾದ ಕಪ್ಪಿಗೆ ಹೊರಗಿನಿಂದ ಒತ್ತಿ ಹಿಡಿದು, ಮೆತ್ತಗಾದ ಮೇಲೆ ಮೂಸಿದರು.

"ಚಾಪೆಲ್ ವಾಸನೆ" ಎಂದೆ.

"ಮೇಣ" ಎಂದರು ಅವರು. "ಅಮ್ಮ ಬಟ್ಟೆಗೆ ಬಾಟಿಕ್ ಬರೆಯುತ್ತಿದ್ದ ಮೇಣ. ಮಸಿ ಕಲಸಿ ಸೊಂಡಿಲು ಮಾಡಿದ್ದಾಳೆ."

ಕೆಳಗೆ ಆಂಬುಲೆನ್ಸೊಂದು ಬಂದು ಸದ್ದು ನಿಲ್ಲಿಸಿತು.

"ನೀನು ಮುರಿದದ್ದಲ್ಲ ಮಗಳೇ" ಎಂದರು ನನಗೆ. "ಇಲ್ಲಿ ನೋಡು, ಮುರಿದ ಅಂಚು ಹೇಗೆ ಸವೆದು ಮೊಂಡಾಗಿದೆ. ಇದು ಹಳೆಯದು. ನಾನು ಮುರಿದದ್ದು." ಆಮೇಲೆ ಅಕ್ಕನ ಕಡೆ ತಿರುಗಿ ಅವರ ಭಾಷೆಯಲ್ಲಿ ಅಕ್ಕ ಎನ್ನುವ ಪದವನ್ನು ಒಂದೇ ಸಲ ಹೇಳಿದರು. ಮುಂದಿನದು ಇಂಗ್ಲಿಷಿನಲ್ಲಿ, ಬಹುಶಃ ನಾನೂ ಕೇಳಲಿ ಎಂದು. "ನನಗೆ ಎಂಟು ವರ್ಷ. ಅಪ್ಪನಿಗೆ ಜ್ವರ ಬಂದು ಮಲಗಿದ್ದರು. ಕಂಡೆನ್ಸ್‌ಡ್ ಮಿಲ್ಕ್ ಡಬ್ಬಿ ಇತ್ತು, ತೆಗೆಯಲು ಏನೂ ಸಿಗಲಿಲ್ಲ."

"ಕೆರಿಸ್‌ನಿಂದ ತೆಗೆದೆಯಾ?" ಎಂದರು ಆಂಟಿ.

"ಸೊಂಡಿಲು ಡಬ್ಬಿಯ ಅಂಚಿಗೆ ಸರಿಯಾಗಿ ಸಿಕ್ಕಿಕೊಳ್ಳುತ್ತಿತ್ತು."

"ಬಂತಾ?"

"ಮುಚ್ಚಳ ಬಂತು. ಸೊಂಡಿಲೂ ಬಂತು. ಅಮ್ಮನಿಗೆ ಕೊಟ್ಟೆ. ಅಮ್ಮ ಬೈಯಲಿಲ್ಲ, ಹೊರಗೆ ಹೋಗಿ ಆಡಿಕೋ ಅಂದಳು. ಅದೇ ತಿಂಗಳು ಅಪ್ಪ ಹೋದರು. ಮನೆಯ ಕೆರಿಸ್ ಮುರಿದರೆ ಮನೆಯ ಯಜಮಾನ ಉಳಿಯುವುದಿಲ್ಲ ಅಂತ ನಮ್ಮಲ್ಲಿ ಹೇಳುವುದು ನಿನಗೂ ಗೊತ್ತು."

ಆಂಟಿ ತಮ್ಮನ ಮುಖವನ್ನು, ನಾನು ಯಾವುದಾದರೂ ಪಾತ್ರೆಯ ತಳ ನೋಡುವ ಹಾಗೆ, ನೋಡಿದರು.

"ಅದಕ್ಕೇ ನೀನು ಹದಿನೈದು ವರ್ಷದ ಹಿಂದೆ ಹಾಗೆ ಅಂದದ್ದು."

"ಎಳೆದು ನೋಡಿದೆ, ಸೊಂಡಿಲು ಪೂರ್ತಿ ಇತ್ತು. ಅಪ್ಪನದಕ್ಕೆ ಇಲ್ಲ ಅಂತ ಗೊತ್ತಿದ್ದವನು ನಾನೊಬ್ಬನೇ. ಅಮ್ಮನನ್ನು ಬಿಟ್ಟರೆ. ಹೇಗೆ ಗೊತ್ತು ಅಂತ ನೀನು ಕೇಳಿದೆ. ಏನಂತ ಹೇಳಲಿ?"

"ಅಪ್ಪ ಹೋಗುವ ಎರಡು ದಿನ ಮೊದಲು" ಎಂದರು ಆಂಟಿ ನಿಧಾನವಾಗಿ, "ಕೆರಿಸ್ ತಂದು ತೋರಿಸು ಅಂದರು. ಅಮ್ಮ ತರಲು ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಬೆರಳೆಲ್ಲ ಕಪ್ಪಗಿತ್ತು. ದೀಪ ಸ್ವಲ್ಪ ಸಣ್ಣದು ಮಾಡು ಅಂತ ನನಗೆ ಹೇಳಿದಳು. ಅಪ್ಪ ಒರೆಯಿಂದ ಎಳೆದು ನೋಡಿ, ಸರಿ ಇದೆ ಅಂದರು."

"ಸರಿ ಇದೆ ಅಂದರಾ?"

"ಅಂದರು. ನೀನು ನಿದ್ದೆ ಮಾಡಿದ್ದೆ."

ಅಂಕಲ್ ಕನ್ನಡಕ ತೆಗೆದು ಟವೆಲ್ಲಿನ ಅಂಚಿನಿಂದ ಒರೆಸಿದರು. ಅದರಲ್ಲಿ ನಿಂಬೆರಸ ಇತ್ತು. ಒರೆಸಿದ್ದು ಜಾಸ್ತಿ ಮಸುಕಾಯಿತು. ಇನ್ನೊಮ್ಮೆ ಒರೆಸಿದರು. ನಮ್ಮವರು ಎದ್ದು ಹೋಗಿ ಸ್ಪ್ಯಾನರುಗಳನ್ನು ಒಂದೊಂದಾಗಿ ನೋಡತೊಡಗಿದರು.

"ಅಂದರೆ ಅಮ್ಮ ನನಗೆ ಸುಳ್ಳು ಹೇಳಲಿಲ್ಲ" ಎಂದರು ಆಂಟಿ.

"ಇಲ್ಲ. ಅಪ್ಪನಿಗೆ ಹೇಳಿದಳು."

"ಅದು ಅವರಿಬ್ಬರ ವಿಷಯ." ಆಂಟಿ ಚಕ್ಕುಲಿ ಡಬ್ಬಿಯನ್ನು ತಮ್ಮನ ಕಡೆ ತಳ್ಳಿದರು. "ತಿನ್ನು. ಇದಕ್ಕೆ ಮುಚ್ಚಳ ಸುಲಭವಾಗಿ ಬರುತ್ತದೆ."

ಅವರು ತಿಂದರು. ಸ್ವಲ್ಪ ಹೊತ್ತಿನ ಮೇಲೆ ನಾನು, ಬಂದ ಕೆಲಸ ಪೂರ್ತಿಯಾಗಲಿ ಎಂದು, ನೋಟ್‌ಬುಕ್ ಮುಂದಿಟ್ಟು ಇಸವಿ ಏನು ಬರೆಯಲಿ ಎಂದು ಕೇಳಿದೆ. ಇಸವಿ ಯಾರೂ ಹೇಳುವುದಿಲ್ಲ, ಅಂದಾಜು ಮಾತ್ರ ಎಂದರು. ಕಬ್ಬಿಣ, ಸವೆತ, ಬುಡದ ಗೆರೆ ಎಲ್ಲ ನೋಡಿದರೆ ಅಜ್ಜನ ಅಜ್ಜನ ಕಾಲವಿರಬಹುದು, ಇನ್ನೂರು ವರ್ಷ ಅಂದರೆ ಜಗಳಕ್ಕೆ ಬರುವುದಿಲ್ಲ. ನಾನು 'ಸುಮಾರು' ಎಂದು ಸೇರಿಸಿ ಬರೆದೆ.

ಮರುದಿನ ಹೊರಡುವಾಗ ಕೆರಿಸ್ ಅಂಕಲ್ ಮೇಜಿನ ಮೇಲೆಯೇ ಉಳಿಯಿತು. ಅದಕ್ಕೆ ಬೇಕಾದ ಕಾಗದ ಅವರ ಹೆಸರಿಗೆ ಮಾಡಿಸುವುದನ್ನು ನಮ್ಮವರು ಮೈಮೇಲೆ ಹಾಕಿಕೊಂಡರು. ಜಾವಾಕ್ಕೆ ಹೋಗುವವರ ಜೊತೆ ಕಳಿಸಿ ಕಪ್ಪು ಹಚ್ಚಿಸುತ್ತೇನೆ ಎಂದರು ಅಂಕಲ್. ಹೊಸ ಸೊಂಡಿಲೂ ಮಾಡಿಸಬಹುದು, ಮಾಡಿಸಲೇ ಎಂದು ಕೇಳಿದರು.

"ಬೇಡ" ಎಂದರು ಆಂಟಿ. "ಕೆರಿಸ್ ನಿನಗೆ. ಇದು ನನಗೆ." ನನ್ನ ಕುಂಕುಮದ ಭರಣಿಯನ್ನು ಎತ್ತಿ ಹ್ಯಾಂಡ್‌ಬ್ಯಾಗಿಗೆ ಹಾಕಿಕೊಂಡರು. ಅದು ನನ್ನ ಮದುವೆಯದು. ಕೇಳಲು ಬಾಯಿ ಬರಲಿಲ್ಲ.

ಡಿಸೆಂಬರಿನಲ್ಲಿ ಅವರನ್ನು ಹೋಮ್‌ಗೆ ಬಿಡಲು ನಾವೇ ಹೋದೆವು. ಅಲ್ಲಿನ ಹುಡುಗಿ ಸಾಮಾನುಗಳ ಪಟ್ಟಿ ಮಾಡುತ್ತಿದ್ದಳು; ಬೆಲೆಬಾಳುವ ಹಳೆಯ ವಸ್ತುಗಳಿಗೆ ಬೇರೆ ಸಾಲು, ಅದರಲ್ಲಿ ವಯಸ್ಸಿಗೊಂದು ಕಾಲಮ್. ಆಂಟಿ ಭರಣಿ ತೆಗೆದು ಅವಳ ಮುಂದಿಟ್ಟರು.

"ಇದೇನು?"

"ಸೊಂಡಿಲು" ಎಂದರು ಆಂಟಿ. "ಒಂದು."

ಹುಡುಗಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳು ಬರೆದುಕೊಂಡಳು.

"ವಯಸ್ಸು?"

ಆಂಟಿ ಬೆರಳು ಮಡಿಸಿ ಎಣಿಸಿದರು. ತಮ್ಮನಿಗೆ ಆಗ ಎಂಟು, ಈಗ ಎಪ್ಪತ್ತೈದು.

"ಅರವತ್ತೇಳು" ಎಂದರು. "ಸುಮಾರು ಅಂತ ಹಾಕಬೇಡ. ಇದು ಸರಿಯಾಗಿ ಗೊತ್ತಿದೆ."